ನಾರ್ವೆಯಲ್ಲಿ ಇಲ್ಲದ ನಾರ್ವೆಯ ಅಣಬೆ

ಕೊಪ್ಪದ ನಮ್ಮ ಸಂಶೋಧನಾ ಕೇಂದ್ರಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಹೋದ ತಿಂಗಳು ಮನೆಗೆ ಬಂದಿದ್ದರು. "ಆಂಟಿ, ನಿಮ್ಮ ಅನುಭವ ಬರೆದುಕೊಡಿ, ನಮಗೆ ಉಪಯೋಗ ಆಗುತ್ತೆ" ಎಂದರು. ನಾನು ಅವರ ಮುಖ ನೋಡುವ ಮೊದಲು ಮೊಣಕಾಲು ನೋಡಿದೆ. ಅಣಬೆಯ ಕೆಲಸಕ್ಕೆ ತಲೆ ಆಮೇಲೆ ಬೇಕಾಗುತ್ತದೆ, ಮೊದಲು ಬೇಕಾದದ್ದು ಮೊಣಕಾಲು. ಹಕ್ಕಿ ನೋಡುವವರು ತಲೆ ಎತ್ತಿಕೊಂಡು ಓಡಾಡುತ್ತಾರೆ, ಫೋಟೋದಲ್ಲಿ ಲಕ್ಷಣವಾಗಿ ಕಾಣುತ್ತಾರೆ. ನಮ್ಮ ಕೇಂದ್ರದ ಆಲ್ಬಮ್ ತೆರೆದು ನೋಡಿ, ನಮ್ಮೆಲ್ಲರ ಹಿಂಭಾಗವೇ ಹೆಚ್ಚು. ಆ ಹುಡುಗಿಯರ ಮೊಣಕಾಲು ಗಟ್ಟಿ ಇದ್ದ ಹಾಗೆ ಕಂಡಿತು, ಅದಕ್ಕೇ ಬರೆಯಲು ಕೂತಿದ್ದೇನೆ.

ನನ್ನ ಹೆಸರು ಸರೋಜ. ಓದಿದ್ದು ಪಿಯುಸಿ. ಕಾಡಿನಲ್ಲಿ ಅಣಬೆ ಹುಡುಕುವುದು, ಅದರ ಬಣ್ಣ ವಾಸನೆ ಬರೆದುಕೊಳ್ಳುವುದು, ಒಣಗಿಸುವುದು, ಲೇಬಲ್ ಅಂಟಿಸಿ ಕಪಾಟಿನಲ್ಲಿಡುವುದು, ಆಮೇಲೆ ಆ ಕಪಾಟನ್ನು ಹುಳ ಹುಪ್ಪಟೆಗಳಿಂದ ಕಾಯುವುದು, ಇಷ್ಟು ನನ್ನ ಕೆಲಸ. ಕಾಗದದಲ್ಲಿ ಅದಕ್ಕೆ ಕ್ಷೇತ್ರ ಸಹಾಯಕಿ ಎಂದು ಹೆಸರು. ಬಡ್ತಿಯ ಕಥೆ ಹೇಳುವುದಕ್ಕೆ ನನ್ನಲ್ಲಿ ಏನೂ ಇಲ್ಲ. ಸೇರಿದಾಗ ಏನಾಗಿದ್ದೆನೋ ಬಿಡುವಾಗಲೂ ಅದೇ ಆಗಿದ್ದೆ, ಕುರ್ಚಿಗೆ ಮಾತ್ರ ನಡುವೆ ಒಂದು ಸಲ ಹೊಸ ಹಗ್ಗ ಹಾಕಿಸಿದರು.

ಈ ಕೆಲಸದಲ್ಲಿರುವವರಿಗೆ ಲೋಕ ಕೇಳುವ ಪ್ರಶ್ನೆ ಒಂದೇ, "ತಿನ್ಬಹುದಾ?" ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಎಲ್ಲ ಕಡೆ ಇದೇ. ಇಡೀ ಜಗತ್ತಿನಲ್ಲಿ ಯಾರೂ ಕಂಡಿರದ ಅಣಬೆಯನ್ನು ಅಂಗೈಮೇಲೆ ಇಟ್ಟುಕೊಂಡು ತೋರಿಸಿದರೂ ಅದನ್ನೇ ಕೇಳುತ್ತಾರೆ. ಇಲ್ಲ ಎಂದರೆ, "ಹಂಗಾದ್ರೆ ಎಂತಕ್ಕೆ ಹುಡುಕ್ತೀರಿ ಮಾರಾಯ್ತಿ" ಎಂದು ನಮ್ಮ ಮೇಲೇ ಕನಿಕರ ತೋರಿಸುತ್ತಾರೆ. ಮೊದಮೊದಲು ನಾನು ವಿವರಿಸುತ್ತಿದ್ದೆ. ಆಮೇಲೆ ಆಮೇಲೆ "ನಾನಿನ್ನೂ ತಿಂದಿಲ್ಲ, ನೀವು ತಿಂದು ಹೇಳಿ" ಎನ್ನಲು ಕಲಿತೆ.

ನಮ್ಮ ಮುಖ್ಯಸ್ಥರು ಡಾಕ್ಟರ್ ಸದಾನಂದ. ಬಯಲುಸೀಮೆಯವರು. ಸೂಕ್ಷ್ಮದರ್ಶಕದ ಮುಂದೆ ಕೂತರೆಂದರೆ ಊಟದ ನೆನಪಿರುತ್ತಿರಲಿಲ್ಲ. ಅಣಬೆಯ ಕೊಡೆಯ ಅಡಿಯಿಂದ ಉದುರುವ ಕಣಗಳನ್ನು, ಅವು ನಮ್ಮ ಕಣ್ಣಿಗೆ ಬರೀ ಪುಡಿ, ಒಂದೊಂದಾಗಿ ಅಳೆದು ಚಿತ್ರ ಬರೆಯುತ್ತಿದ್ದರು. ಅಂಥ ದೊಡ್ಡ ವಿದ್ವಾಂಸರಿಗೆ ಎರಡು ಕೊರತೆ ಇತ್ತು. ಒಂದು, ರಕ್ತ ಹೀರುವ ಇಂಬಳ ಕಂಡರೆ ಜೀವ ಹೋಗುತ್ತಿತ್ತು. ಮಳೆಗಾಲದಲ್ಲಿ ಕಾಡಿನ ಅಂಚಿನವರೆಗೆ ಬಂದು, ಜೀಪಿನಲ್ಲಿ ಕಾಲು ಮೇಲೆತ್ತಿ ಕೂತು, "ನೀವು ಹೋಗಿ ಬನ್ನಿ ಸರೋಜಮ್ಮ, ನಾನಿಲ್ಲಿ ಟಿಪ್ಪಣಿ ನೋಡ್ತಿರ್ತೀನಿ" ಎನ್ನುತ್ತಿದ್ದರು. ಎರಡನೆಯದು, ನಸ್ಯ ಹಾಕಿ ಹಾಕಿ ಅವರ ಮೂಗು ಯಾವತ್ತೋ ಕೆಲಸ ಬಿಟ್ಟಿತ್ತು.

ಅಣಬೆ ಗುರುತಿಸುವುದರಲ್ಲಿ ವಾಸನೆ ದೊಡ್ಡ ಸಂಗತಿ. ನೋಡಲು ಅವಳಿಗಳ ಹಾಗಿರುವ ಎರಡು ಜಾತಿಯಲ್ಲಿ ಒಂದು ಮೂಲಂಗಿಯ ವಾಸನೆ, ಇನ್ನೊಂದು ಹಸಿ ಹಿಟ್ಟಿನ ವಾಸನೆ ಇರಬಹುದು. ಹಾಗಾಗಿ ನಮ್ಮ ಕೇಂದ್ರದಿಂದ ಲೋಕಕ್ಕೆ ಹೋದ ವಾಸನೆಯೆಲ್ಲ ನನ್ನ ಮೂಗಿನದು. ಒಮ್ಮೆ ಶೃಂಗೇರಿಯ ಕಡೆಯಿಂದ ತಂದ ಒಂದು ಅಣಬೆಗೆ ನಾನು "ಹಳೆಯ ಹಲಸಿನ ಹಪ್ಪಳದ ವಾಸನೆ" ಎಂದು ಬರೆದುಕೊಟ್ಟೆ. ಸರ್ ಅದನ್ನು ಹಾಗೆಯೇ ಇಂಗ್ಲಿಷಿಗೆ ಹಾಕಿ ಹೊರದೇಶದ ಪತ್ರಿಕೆಗೆ ಕಳಿಸಿದರು. ಅಲ್ಲಿಂದ ಪತ್ರ ಬಂತು, ಈ ವಾಸನೆ ನಮಗೆ ತಿಳಿಯದು, ದಯವಿಟ್ಟು ಬೇರೆ ಯಾವುದಕ್ಕಾದರೂ ಹೋಲಿಸಿ ಎಂದು. ನಾನು ಮೂರು ದಿನ ಮೂಸಿ ನೋಡಿದೆ. ಅದು ಹಲಸಿನ ಹಪ್ಪಳವೇ, ಅದೂ ಹಳೆಯದೇ. ಕೊನೆಗೆ ಸರ್ ನಮ್ಮ ಅತ್ತೆಯ ಡಬ್ಬದಿಂದ ಎರಡು ಹಪ್ಪಳ ಇಸಿದುಕೊಂಡು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿಬಿಟ್ಟರು. ವಿವರಣೆ ಒಂದಕ್ಷರ ಬದಲಾಗದೆ ಅಚ್ಚಾಯಿತು. ಹಪ್ಪಳ ಏನಾಯಿತೆಂದು ಅವರು ತಿಳಿಸಲಿಲ್ಲ. ನಮ್ಮತ್ತೆ ಮಾತ್ರ ಬಹಳ ದಿನ, "ಕರಿಯೋದು ಗೊತ್ತಿತ್ತೋ ಇಲ್ವೋ ಅವ್ರಿಗೆ" ಎಂದು ಚಿಂತೆ ಮಾಡುತ್ತಿದ್ದರು.

ಹೆಸರಿಡುವ ವಿಷಯದಲ್ಲಿ ಇನ್ನೊಂದು ತಮಾಷೆ. ನರಸಿಂಹರಾಜಪುರದ ಹತ್ತಿರದ ಒಬ್ಬ ವ್ಯಾಪಾರಸ್ಥ ಯಜಮಾನರು, ದೊಡ್ಡ ಮನೆತನ, ಹಣೆ ತುಂಬ ವಿಭೂತಿ, ನಮ್ಮ ಕೇಂದ್ರದ ಸುದ್ದಿ ಪೇಪರಿನಲ್ಲಿ ಓದಿ ಫೋನು ಮಾಡಿದರು. ತಮ್ಮ ಮನೆಯಲ್ಲೇ ಹೊಸ ಜಾತಿಯ ಅಣಬೆ ಎದ್ದಿದೆ, ಬಂದು ನೋಡಿ, ಅದಕ್ಕೆ ಮನೆ ಕಟ್ಟಿಸಿದ ನಮ್ಮ ಅಜ್ಜಯ್ಯನ ಹೆಸರಿಡಬೇಕು ಎಂದರು. ಹೋಗಿ ನೋಡಿದರೆ ನಡುಮನೆಯ ತೊಲೆಯಿಂದ ಹಳದಿ ಬಣ್ಣದ ಹೊರೆ ಹೊರೆ ಶಿಲೀಂಧ್ರ ಇಳಿಬಿದ್ದಿದೆ. ಎಲ್ಲ ಕಡೆ ಇರುವಂಥದೇ, ತೊಲೆಯನ್ನು ಒಳಗಿಂದ ತಿಂದು ಮುಗಿಸುವಂಥದು. ಸರ್ ನಸ್ಯ ಏರಿಸಿ, ಬಹಳ ವಿನಯದಿಂದ, "ಯಜಮಾನರೇ, ಅಜ್ಜಯ್ಯ ಕಟ್ಟಿದ ಮನೆಯನ್ನ ಇದು ಕೆಡವ್ತಾ ಇದೆ. ಇದಕ್ಕೆ ಅವರ ಹೆಸರು ಬೇಡ" ಎಂದರು. ಯಜಮಾನರು ತೊಲೆಯನ್ನೂ ನಮ್ಮನ್ನೂ ಒಂದು ಸಲ ನೋಡಿ, ಅಂಗಳಕ್ಕೆ ಮಣೆ ಹಾಕಿಸಿ, ಅಲ್ಲಿಯೇ ಕಾಫಿ ಕೊಟ್ಟರು.

ನಮ್ಮ ಕೆಲಸದ ಜೀವ ಇರುವುದು ಲೇಬಲಿನಲ್ಲಿ. ಹೊಸ ಜಾತಿ ಎಂದು ಹೆಸರಿಟ್ಟ ಅಣಬೆಯ ಒಂದು ಒಣಗಿಸಿದ ತುಂಡನ್ನು ಮೂಲ ಮಾದರಿ ಎಂದು ಕಪಾಟಿನಲ್ಲಿ ಕಾಪಾಡುತ್ತಾರೆ. ಮುಂದೆ ಯಾರಿಗೆ ಸಂಶಯ ಬಂದರೂ ಬಂದು ನೋಡುವುದು ಅದನ್ನೇ. ಎಲ್ಲಿ ಸಿಕ್ಕಿತು, ಯಾವಾಗ, ಯಾರು ಸಂಗ್ರಹಿಸಿದರು, ಇದು ಲೇಬಲಿನಲ್ಲಿರಬೇಕು. "ಅಣಬೆ ಕೊಳೆತರೂ ನಾನು ಸಹಿಸ್ತೀನಿ ಸರೋಜಮ್ಮ, ಲೇಬಲ್ ತಪ್ಪಿದರೆ ಸಹಿಸಲ್ಲ" ಎಂದು ಸರ್ ತಿಂಗಳಿಗೊಮ್ಮೆಯಾದರೂ ಹೇಳುತ್ತಿದ್ದರು. ಅಂಥವರ ಕೈಕೆಳಗೆ ಕೂತು ನಾನು ಲೇಬಲಿನಲ್ಲಿ ಸುಳ್ಳು ಬರೆದೆ. ಈ ಬರಹ ಇರುವುದೇ ಅದಕ್ಕಾಗಿ.

ಶುರುವಾದದ್ದು ಕಮ್ಮರಡಿಯ ಬಸ್ ಸ್ಟಾಪಿನಲ್ಲಿ. ಆಷಾಢದ ಒಂದು ಬೆಳಿಗ್ಗೆ ಪಕ್ಕದಲ್ಲಿ ಒಬ್ಬ ಹೆಂಗಸು ಬುಟ್ಟಿ ಇಟ್ಟುಕೊಂಡು ಕೂತಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರಿರಬೇಕು. ಬುಟ್ಟಿಯಲ್ಲಿ ಹುತ್ತದ ಅಣಬೆ, ಮೇಲೆ ಎಲೆ ಮುಚ್ಚಿತ್ತು. ಮಗಳ ಮನೆಗೆ ಒಯ್ಯುತ್ತಿದ್ದರಂತೆ. ಎಲೆ ಸರಿದಾಗ ಬುಟ್ಟಿಯ ತಳದಲ್ಲಿ ಒಂದು ಕಡ್ಡಿಗೆ ಅಂಟಿಕೊಂಡು ಬಂದಿದ್ದ ಚಿಕ್ಕ ಅಣಬೆ ಕಣ್ಣಿಗೆ ಬಿತ್ತು. ಉಗುರಿನಷ್ಟು ಕೊಡೆ, ನೇರಳೆ ಬಣ್ಣ, ಬುಡದಲ್ಲಿ ಬಿಳಿ ಉಣ್ಣೆ. ನಾನು ಅಷ್ಟು ವರ್ಷದಲ್ಲಿ ಅಂಥದನ್ನು ಕಂಡಿರಲಿಲ್ಲ.

"ಅಮ್ಮಾ, ಇದು ಎಲ್ಲಿ ಸಿಕ್ಕಿದ್ದು?"

"ಕಾಡಲ್ಲಿ."

"ಯಾವ ಕಾಡು?"

"ಮರ ಇರೋ ಕಾಡು."

ಆ ಒಂದು ಅಣಬೆಯನ್ನು ಬೇಡಿ ಇಸಿದುಕೊಂಡೆ. ಅವರ ಹೆಸರು ದೇವಮ್ಮ, ಊರು ಭಂಡಿಗಡಿಯ ಹತ್ತಿರ ಎಂಬುದು ಬಸ್ಸು ಬರುವುದರೊಳಗೆ ಗೊತ್ತಾಯಿತು. ಜಾಗ ಗೊತ್ತಾಗಲಿಲ್ಲ. ಅಣಬೆ ಕೀಳುವವರು ಜಾಗ ಹೇಳುವುದಿಲ್ಲ. ಗಂಡನಿಗೂ ಹೇಳುವುದಿಲ್ಲ. ಅದನ್ನು ನೀವು ಕೆಲಸಕ್ಕೆ ಸೇರಿದ ಮೊದಲ ದಿನವೇ ತಿಳಿದುಕೊಳ್ಳುವುದು ಒಳ್ಳೆಯದು.

ಒಂದು ಅಣಬೆಯಿಂದ ಹೊಸ ಜಾತಿ ಎಂದು ಹೇಳಲಾಗುವುದಿಲ್ಲ. ಸರ್ ಎರಡು ದಿನ ಸೂಕ್ಷ್ಮದರ್ಶಕ ಬಿಟ್ಟು ಏಳಲಿಲ್ಲ, ಅಷ್ಟು ಸಂತೋಷ. "ಇನ್ನಷ್ಟು ಬೇಕು ಸರೋಜಮ್ಮ" ಎಂದರು. ನಾನು ಭಂಡಿಗಡಿಗೆ ತಿರುಗಿದ್ದಕ್ಕೆ ಲೆಕ್ಕವಿಲ್ಲ. ದೇವಮ್ಮನ ಮನೆಯಲ್ಲಿ ಕೂತು ಸೊಪ್ಪು ಸೋಸಿದೆ, ಸಂಡಿಗೆ ಇಟ್ಟೆ, ಮಗಳ ಬಾಣಂತನದ ಕಥೆ ಪೂರ್ತಿ ಕೇಳಿದೆ. ಮುಂದಿನ ವರ್ಷದ ಮಳೆಗಾಲದಲ್ಲಿ ಕೊನೆಗೂ ಒಪ್ಪಿದರು.

"ಬಾ, ತೋರ್ಸ್ತೀನಿ. ಆದ್ರೆ ಬಾಯಲ್ಲೂ ಹೇಳ್ಬಾರ್ದು, ಬರ್ದೂ ಹೇಳ್ಬಾರ್ದು. ಕಿಗ್ಗದ ದೇವ್ರ ಮೇಲೆ ಆಣೆ ಮಾಡು."

ಕಿಗ್ಗದ ದೇವರು ಮಳೆಯ ದೇವರು. ಮಳೆ ಬರದಿದ್ದರೂ ಹೆಚ್ಚಾದರೂ ನಮ್ಮ ಕಡೆಯವರು ಹೋಗಿ ಕೇಳಿಕೊಳ್ಳುವುದು ಅಲ್ಲಿಯೇ. ಅಣಬೆಯ ಕೆಲಸದವಳು ಮಳೆ ದೇವರ ಮೇಲೆ ಆಣೆ ಮಾಡಿದರೆ ಅದನ್ನು ಮುರಿಯುವ ಹಾಗಿಲ್ಲ. ಮಾಡಿದೆ. ಆಮೇಲೆ ಅವರು ನನ್ನನ್ನು ಕರೆದುಕೊಂಡು ಹೋದ ದಾರಿ ಹೇಗಿತ್ತೆಂದರೆ, ಒಂದೇ ಹಳ್ಳವನ್ನು ಮೂರು ಸಲ ದಾಟಿಸಿದರು. ಒಂದು ಬಿದ್ದ ಮರವನ್ನು ಎರಡೂ ಕಡೆಯಿಂದ ನೋಡಿದೆ. ಕೊನೆಗೆ ಒಂದು ಹುತ್ತದ ಮಗ್ಗುಲಲ್ಲಿ ನಿಂತು ಗದ್ದ ಮುಂದೆ ಮಾಡಿ ತೋರಿಸಿದರು. ನಾನು ಖುಷಿಯಲ್ಲಿ ಬೆರಳು ಚಾಚಿದರೆ ಫಟ್ಟೆಂದು ಕೈಮೇಲೆ ಹೊಡೆದರು.

"ಬೆರಳು ತೋರ್ಸ್ಬೇಡ. ಕೊಳ್ತು ಹೋಗ್ತದೆ."

ಎಲೆಗಳ ಕೆಳಗೆ ಹನ್ನೆರಡು ನೇರಳೆ ಕೊಡೆಗಳಿದ್ದವು.

ಸರ್ ಆ ದಿನ ಜೀಪಿನಲ್ಲೂ ಇರಲಿಲ್ಲ, ಯಾವುದೋ ಮೀಟಿಂಗಿಗೆ ಶೃಂಗೇರಿಗೆ ಹೋಗಿದ್ದರು. ನಾನು ಅಣಬೆಗಳನ್ನು ಬಲ್ಬು ಉರಿಸುವ ಮರದ ಪೆಟ್ಟಿಗೆಯಲ್ಲಿ ಒಣಗಲು ಇಟ್ಟು, ಲೇಬಲ್ ಹಿಡಿದು ಕೂತೆ. ಸ್ಥಳ ಎಂಬಲ್ಲಿ ಪೆನ್ನು ನಿಂತುಬಿಟ್ಟಿತು. ಖಾಲಿ ಬಿಟ್ಟರೆ ಸರ್ ಬಿಡುವುದಿಲ್ಲ. ಭಂಡಿಗಡಿ ಎಂದು ಬರೆದರೆ ಆಣೆ ಮುರಿಯುತ್ತದೆ. ಆ ವಾರ ನಾವು ಬೇರೆ ಕೆಲಸಕ್ಕೆ ನಮ್ಮ ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಗೆ ಹೋಗಿದ್ದೆವು, ಬಾಯಿಗೆ ಬಂದದ್ದು ಅದೇ. ನಾರ್ವೆಯ ಕಾಡು ಎಂದು ಬರೆದೆ. ಸಣ್ಣ ಸುಳ್ಳು, ಎರಡು ಊರಿಗೂ ಒಂದೇ ಮಳೆ ಎಂದು ಸಮಾಧಾನ ಮಾಡಿಕೊಂಡೆ. ಸರ್ ಬಂದು ಲೇಬಲಿನ ಮೇಲೆ ಸಹಿ ಹಾಕಿದರು.

ನನಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಅವರು ಜಾತಿಗೆ ಊರಿನ ಹೆಸರಿಡಲು ಯೋಚಿಸಿದ್ದರು. ವರ್ಷದ ಮೇಲೆ ಪತ್ರಿಕೆ ಕೈಗೆ ಬಂದಾಗ ನೋಡುತ್ತೇನೆ, ಅಣಬೆಯ ಹೆಸರು ನಾರ್ವೆನ್ಸಿಸ್. ನಾರ್ವೆಯದು ಎಂದರ್ಥ. ಏನೂ ತಿಳಿಯದವಳ ಹಾಗೆ, "ಸರ್, ಇಟ್ಟ ಹೆಸರು ಆಮೇಲೆ ಬದಲಾಯಿಸಬಹುದಾ?" ಎಂದು ಕೇಳಿದೆ. ಅವರು ನಕ್ಕು, "ಒಂದು ಸಲ ಅಚ್ಚಾದರೆ ಮುಗೀತು. ಕಪ್ಪಗಿರೋದಕ್ಕೆ ಬಿಳಿ ಅಂತ ಇಟ್ಟಿದ್ದರೂ ಅದೇ ಹೆಸರು. ನಮ್ಮಲ್ಲಿ ಅಫಿಡವಿಟ್ ಇಲ್ಲ" ಎಂದರು.

ನಾರ್ವೆಯಲ್ಲಿ ಸುದ್ದಿ ಹಬ್ಬಿತು. ಅಲ್ಲಿನವರಿಗೆ ಎಲ್ಲಿಲ್ಲದ ಹೆಮ್ಮೆ. ಶಾಲೆಯಲ್ಲಿ ಮಕ್ಕಳು ನೇರಳೆ ಅಣಬೆಯ ಚಿತ್ರ ಬರೆದರು. ನನ್ನನ್ನು ಕರೆದು ಶಾಲು ಹೊದೆಸಿದರು. ಒಬ್ಬ ಅಜ್ಜ ಮೈಕಿನಲ್ಲಿ, ತಾನು ಚಿಕ್ಕವನಿದ್ದಾಗಿನಿಂದ ಈ ಅಣಬೆಯನ್ನು ಅಲ್ಲಿ ನೋಡುತ್ತಲೇ ಬಂದಿದ್ದೇನೆ ಎಂದು ಭಾಷಣ ಮಾಡಿದ. ನನಗೆ ಅವನ ಮೇಲೆ ಬಹಳ ಪ್ರೀತಿ ಬಂತು.

ಹಲವು ವರ್ಷ ಕಳೆಯಿತು. ಡಿ.ಎನ್.ಎ. ಪರೀಕ್ಷೆಯ ಕಾಲ ಬಂತು. ಮೊದಲು ನಾವು ಕಣ್ಣು, ಮೂಗು, ಸೂಕ್ಷ್ಮದರ್ಶಕ ನಂಬಿ ಬೇರೆ ಬೇರೆ ಎಂದು ಹೆಸರಿಟ್ಟ ಮೂರು ಜಾತಿಗಳು ಒಂದೇ ಎಂದು ಗೊತ್ತಾಯಿತು. ಒಂದೇ ಎಂದು ಇಟ್ಟದ್ದು ಎರಡಾಯಿತು. ಸರ್ ಅದನ್ನೆಲ್ಲ ಸಂತೋಷದಿಂದ ಒಪ್ಪಿದರು. ತಪ್ಪು ಒಪ್ಪುವುದರಲ್ಲಿ ಅವರಷ್ಟು ಸಲೀಸಾದ ಮನುಷ್ಯರನ್ನು ನಾನು ಕಂಡಿಲ್ಲ. ಅದನ್ನು ಕಂಡಾಗಲೆಲ್ಲ ನನ್ನ ಲೇಬಲಿನ ಸುಳ್ಳು ಇನ್ನೂ ಹೆಚ್ಚು ಚುಚ್ಚುತ್ತಿತ್ತು.

ಆಗ ದೂರದಿಂದ ಒಂದು ತಂಡ ಬಂತು. ನಾರ್ವೆನ್ಸಿಸ್‌ನ ಡಿ.ಎನ್.ಎ. ಬೇಕು ಎಂದರು. ಕಪಾಟು ತೆರೆದರೆ ಮೂಲ ಮಾದರಿಯನ್ನು ಹುಳ ತಿಂದು ಪುಡಿ ಮಾಡಿತ್ತು. ಆ ಪುಡಿಯಲ್ಲಿ ಅಣಬೆಗಿಂತ ಹುಳವೇ ಹೆಚ್ಚು. ಸರಿ, ಸಿಕ್ಕಿದ ಜಾಗದಲ್ಲೇ ಮತ್ತೆ ಹುಡುಕೋಣ ಎಂದು ಹೊರಟರು. ಜಾಗ ತೋರಿಸಲು ನಾನು. ಒಂದು ವಾರ, ಸುರಿಯುವ ಮಳೆಯಲ್ಲಿ, ಅಲ್ಲಿ ಇಲ್ಲವೆಂದು ನನಗೊಬ್ಬಳಿಗೇ ಗೊತ್ತಿರುವ ಅಣಬೆಯನ್ನು ಆರು ಜನರಿಂದ ಹುಡುಕಿಸಿದೆ. ಮೊದಲ ದಿನ "ಇಲ್ಲೇ ಎಲ್ಲೋ" ಎಂದೆ. ಮೂರನೇ ದಿನ "ಆಗ ಮರ ಬೇರೆ ಇತ್ತು" ಎಂದೆ. ನಾಲ್ಕನೇ ದಿನ ಅವರ ಮುಖ್ಯಸ್ಥೆ ಜಾರಿ ಬಿದ್ದಳು. ಬಿದ್ದಲ್ಲಿ ಕಂದು ಬಣ್ಣದ, ಒದ್ದೆ ಗೋಣಿಚೀಲದ ವಾಸನೆಯ ಅಣಬೆಯೊಂದು ಸಿಕ್ಕಿತು. ಅದು ನಿಜವಾಗಿಯೂ ಹೊಸ ಜಾತಿಯಾಗಿತ್ತು. ಇಷ್ಟು ತಾಳ್ಮೆಯಿಂದ ಜೊತೆಗಿದ್ದವಳೆಂದು ಕೃತಜ್ಞತೆಯಿಂದ ಅದಕ್ಕೆ ನನ್ನ ಹೆಸರಿಟ್ಟರು. ಈಗ ಪ್ರಪಂಚದಲ್ಲಿ ಗೋಣಿಚೀಲದ ವಾಸನೆಯ ಸರೋಜ ಒಬ್ಬಳಿದ್ದಾಳೆ. ಅವಳ ಲೇಬಲಿನಲ್ಲಿ ನಾರ್ವೆ ಎಂದಿದೆ, ಅದು ಸತ್ಯ.

ನಗು ಅಲ್ಲಿಗೆ ಮುಗಿಯಿತು. ಮರುವರ್ಷ ಒಬ್ಬ ವಿದ್ವಾಂಸರು ಲೇಖನ ಬರೆದರು. ನಾರ್ವೆಯಲ್ಲಿ ವಾರವಿಡೀ ಹುಡುಕಿದರೂ ಆ ಅಣಬೆ ಇಲ್ಲ, ಮಾದರಿಯೂ ಇಲ್ಲ, ಇರುವುದು ಡಾಕ್ಟರ್ ಸದಾನಂದರ ಚಿತ್ರ ಮಾತ್ರ, ಅಂಥ ಅಣಬೆ ಯಾವಾಗಲಾದರೂ ಇತ್ತೇ ಎಂಬುದೇ ಸಂಶಯ ಎಂದು. ನೇರವಾಗಿ ಸುಳ್ಳುಗಾರ ಎನ್ನಲಿಲ್ಲ, ಓದಿದವರಿಗೆ ಬೇರೆ ಅರ್ಥವೂ ಬರುತ್ತಿರಲಿಲ್ಲ. ಸರ್ ನಿವೃತ್ತರಾಗಲು ಒಂದೇ ವರ್ಷ ಇತ್ತು. ಅವರು ಆ ಲೇಖನವನ್ನು ಮೇಜಿನ ಮೇಲಿಟ್ಟು, "ನಾನು ಕಂಡಿದ್ದೀನಿ ಅಲ್ವಾ ಸರೋಜಮ್ಮ ಅದನ್ನ? ನೀವು ತಂದಿದ್ದಿರಿ ಅಲ್ವಾ?" ಎಂದು ಕೇಳಿದರು. ಅಷ್ಟು ಕಣ ಅಳೆದ ಮನುಷ್ಯನಿಗೆ ತನ್ನ ಕಣ್ಣಿನ ಮೇಲೇ ಅನುಮಾನ ಬಂದಿತ್ತು. ನನಗೆ ಅಳು ಬಂತು. ಹೌದು ಸರ್ ಎಂದಷ್ಟೇ ಹೇಳಿ ಹೊರಗೆ ಹೋದೆ.

ಮಾರನೆಯ ದಿನ ರಜೆ ಹಾಕಿ ಭಂಡಿಗಡಿಗೆ ಹೋದೆ. ದೇವಮ್ಮನಿಗೆ ಆಗಲೇ ಎಪ್ಪತ್ತು ದಾಟಿತ್ತು. ನಡೆದದ್ದೆಲ್ಲ ಹೇಳಿದೆ. ಆಣೆಯಿಂದ ಬಿಡಿಸಿ, ಜಾಗ ಇನ್ನೊಮ್ಮೆ ತೋರಿಸಿ, ಒಬ್ಬ ಒಳ್ಳೆಯವರ ಮರ್ಯಾದೆ ಹೋಗುತ್ತಿದೆ ಎಂದು ಕೈಮುಗಿದೆ. ಅವರು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ಬಿಡಿಸೋಕೆ ಅದು ನನ್ನ ಜಾಗ ಅಲ್ಲ ಮಾರಾಯ್ತಿ."

"ಮತ್ಯಾರದ್ದು?"

"ಸುಂದರಮ್ಮಂದು. ನನ್ನ ವಾರಗಿತ್ತಿ. ನಂದೇ ಆಗಿದ್ರೆ ನಿನ್ ಹತ್ರ ಆಣೆ ಎಂತಕ್ಕೆ ಮಾಡಿಸ್ಲಿ?"

ಆ ಕಾಡು ಸೊಪ್ಪಿನ ಬೆಟ್ಟ, ತೋಟಕ್ಕೆ ಸೊಪ್ಪು ತರಲು ಮನೆಮನೆಗೆ ಹಂಚಿಕೊಂಡಿರುವಂಥದು. ಅಣ್ಣತಮ್ಮಂದಿರು ಪಾಲಾದಾಗ ಆ ಹುತ್ತ ತಮ್ಮನ ಹೆಂಡತಿ ಸುಂದರಮ್ಮನ ಕಡೆಗೆ ಹೋಗಿತ್ತು. ಅದೇ ಪಾಲಿನಲ್ಲಿ ಒಂದು ಒರಳುಕಲ್ಲಿನ ವಿಚಾರಕ್ಕೆ ಇಬ್ಬರೂ ಮಾತು ಬಿಟ್ಟಿದ್ದರು. ದೇವಮ್ಮ ಪ್ರತಿ ಮಳೆಗಾಲವೂ ಆಚೆ ಮನೆಯವರ ಕಣ್ಣು ತಪ್ಪಿಸಿ ಅಲ್ಲಿಂದ ಅಣಬೆ ತರುತ್ತಿದ್ದರು. ನನ್ನನ್ನು ಮೂರು ಸಲ ಹಳ್ಳ ದಾಟಿಸಿದ್ದು ನನಗೆ ದಾರಿ ತಪ್ಪಿಸಲು ಎಂದುಕೊಂಡಿದ್ದೆನಲ್ಲ, ಸುಂದರಮ್ಮನ ಅಂಗಳ ತಪ್ಪಿಸಲಿಕ್ಕಂತೆ. ಒಂದು ಕಳ್ಳತನ ಮುಚ್ಚಲು ನಾನು ಮಳೆ ದೇವರ ಮೇಲೆ ಆಣೆ ಮಾಡಿ, ವಿಜ್ಞಾನಕ್ಕೆ ಸುಳ್ಳು ಬರೆದು, ಶಾಲು ಹೊದ್ದುಕೊಂಡಿದ್ದೆ.

ಸುಂದರಮ್ಮನ ಮನೆಗೆ ಹೋದೆ. ಅವರು ಅಂಗಳದಲ್ಲಿ ಮೆಣಸಿನಕಾಳು ಆರಿಸುತ್ತಿದ್ದರು. ನಾನು ಅರ್ಧ ಹೇಳುವುದರೊಳಗೆ ಕೈ ಅಡ್ಡ ಹಿಡಿದರು.

"ಗೊತ್ತಿತ್ತು. ನೀನು ಬಂದಿದ್ದೂ ಗೊತ್ತಿತ್ತು. ಕೆಂಪು ಕೊಡೆ ಹಿಡ್ಕೊಂಡು ಕಳ್ಳತನಕ್ಕೆ ಯಾರಾದ್ರೂ ಬರ್ತಾರಾ?"

"ಮತ್ತೆ ಯಾಕೆ ಸುಮ್ನಿದ್ರಿ ಅಮ್ಮಾ?"

"ಅವಳು ಅರ್ಧ ಕಿತ್ತು ಅರ್ಧ ಬಿಟ್ಟು ಹೋಗ್ತಿದ್ಲು. ಪೂರಾ ಕಿತ್ತಿದ್ರೆ ಕೇಳ್ತಿದ್ದೆ." ಮತ್ತೆ ನಾಲ್ಕು ಕಾಳು ಆರಿಸಿ, "ಬರ್ಕೋ ಹೋಗು. ಆದ್ರೆ ಸುಂದರಮ್ಮನ ಜಾಗ ಅಂತ್ಲೇ ಬರೀಬೇಕು" ಎಂದರು.

ಸರ್ ಮುಂದೆ ನಿಂತು ಹೇಳಿದ ಆ ಹತ್ತು ನಿಮಿಷ ನನ್ನ ಇಡೀ ನೌಕರಿಯಲ್ಲೇ ಉದ್ದವಾದದ್ದು. ಅವರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಹನ್ನೊಂದು ದಿನ ನನ್ನ ಜೊತೆ ಮಾತಾಡಲಿಲ್ಲ. ಬೇಕಾದದ್ದನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಇಡುತ್ತಿದ್ದರು. ಪ್ರತಿ ಚೀಟಿಯ ಮೇಲೂ ತಾರೀಕು, ಸ್ಥಳ ಎರಡೂ ಸರಿಯಾಗಿರುತ್ತಿದ್ದವು. ಹನ್ನೆರಡನೇ ದಿನ ಒಳ್ಳೆಯ ಮಳೆ ಹೊಡೆದು ನಿಂತಿತ್ತು. "ಹೊರಡಿ" ಎಂದರು. ಜೀಪು ಕಾಡಿನಂಚಿಗೆ ಬಂದಾಗ ನಾನು ಎಂದಿನಂತೆ ಒಬ್ಬಳೇ ಇಳಿದೆ. ಹಿಂದೆ ತಿರುಗಿದರೆ ಸರ್ ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿ, ಅದರ ಮೇಲೆ ಹಗ್ಗ ಬಿಗಿದು, ನೆಲಕ್ಕೆ ಕಾಲಿಟ್ಟಿದ್ದರು.

ವಾರಗಿತ್ತಿಯರು ಇಬ್ಬರೂ ಬಂದಿದ್ದರು. ಒಬ್ಬರು ಬಂದು ಒಬ್ಬರು ಬಾರದಿರುವ ಹಾಗಿರಲಿಲ್ಲ. ಅವರ ನಡುವೆ ಮಾತಿಲ್ಲ, ಎಲ್ಲ ನನ್ನ ಮೂಲಕ. "ಆ ಬೇರು ಎಡವ್ತದೆ ಅಂತ ಹೇಳೇ ಅವ್ಳಿಗೆ" ಎಂದು ಸುಂದರಮ್ಮ. "ನಂಗೊತ್ತು ಅಂತ ಹೇಳು, ನಾನು ಅವ್ಳಿಗಿಂತ ಜಾಸ್ತಿ ಬಂದಿದೀನಿ" ಎಂದು ದೇವಮ್ಮ. ಹುತ್ತ ಹಾಗೆಯೇ ಇತ್ತು. ಎಲೆಗಳ ಕೆಳಗೆ ಏನೂ ಇರಲಿಲ್ಲ. ಒಂದು ಗಂಟೆ ಹುಡುಕಿದೆವು. ಮೊಣಕಾಲ ಮೇಲೆ ಹುತ್ತದ ಸುತ್ತ ಎರಡು ಸುತ್ತು ಬಂದೆ. ಇಲ್ಲೂ ಇಲ್ಲವೆಂದಾದರೆ ಸರ್ ಸಾಯುವವರೆಗೂ ಸುಳ್ಳುಗಾರರಾಗಿಯೇ ಉಳಿಯುತ್ತಿದ್ದರು, ನನ್ನಿಂದ.

ಸರ್ ಒಮ್ಮೆಲೆ "ಅಯ್ಯೋ" ಎಂದು ಕುಕ್ಕರಿಸಿದರು. ಅಷ್ಟು ಹಗ್ಗ ಬಿಗಿದರೂ ಇಂಬಳ ಸಾಕ್ಸಿನೊಳಗೆ ಹೋಗಿತ್ತು. ಕಣ್ಣುಮುಚ್ಚಿಕೊಂಡು ಅದನ್ನು ಕಿತ್ತೆಸೆದರು. ಕಣ್ಣು ತೆರೆದವರು ಏಳಲಿಲ್ಲ. ಎರಡೂ ಮೊಣಕಾಲೂರಿ, ಕೈಯೂರಿ, ಮುಖವನ್ನು ನೆಲಕ್ಕೆ ತಂದರು. ಒಂದು ಕೊಳೆತ ಕೊಂಬೆಯ ಅಡಿಯಲ್ಲಿ ಏಳು ನೇರಳೆ ಕೊಡೆಗಳು. ಅವರು ಖುಷಿಯಲ್ಲಿ ಬೆರಳು ಚಾಚಲು ಹೋದರು, ಇಬ್ಬರು ವಾರಗಿತ್ತಿಯರೂ ಒಟ್ಟಿಗೇ ಅವರ ಕೈಮೇಲೆ ಹೊಡೆದರು.

ಆ ಅಣಬೆಯ ಡಿ.ಎನ್.ಎ. ಸಿಕ್ಕಿತು. ಯಾವುದರ ಜೊತೆಗೂ ಸೇರದ, ನಿಜವಾದ ಹೊಸ ಜಾತಿ. ಹೆಸರು ನಾರ್ವೆನ್ಸಿಸ್ ಎಂದೇ ಉಳಿಯಿತು, ಉಳಿಯಲೇಬೇಕಲ್ಲ. ತಿದ್ದುಪಡಿಯ ಪತ್ರವನ್ನು ಸರ್ ತಾವೇ ಬರೆದರು. ಹಿಂದೆ ಕೊಟ್ಟ ಸ್ಥಳ ತಪ್ಪು, ತಪ್ಪು ನನ್ನದು ಎಂದಿತ್ತು ಅದರಲ್ಲಿ. ನನ್ನ ಹೆಸರು ಹಾಕಿ ಸರ್, ಬರೆದವಳು ನಾನು ಎಂದು ಜಗಳವಾಡಿದೆ. "ಜಾಗ ನೋಡದೆ ಸಹಿ ಹಾಕಿದವನು ನಾನು. ಇಷ್ಟು ವರ್ಷ ಜೀಪಲ್ಲಿ ಕೂತಿದ್ದವನೂ ನಾನೇ" ಎಂದರು. ಅಂಥ ಮೇಲಧಿಕಾರಿ ನಿಮಗೂ ಸಿಗಲಿ ಎಂದು ಹಾರೈಸುತ್ತೇನೆ.

ಹೊಸ ಮಾದರಿಯ ಲೇಬಲನ್ನು ನಾನು ಅಂದು ಆ ಹುತ್ತದ ಪಕ್ಕದಲ್ಲೇ, ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು ಬರೆದಿದ್ದೆ. ಸ್ಥಳ, ಭಂಡಿಗಡಿ, ಸುಂದರಮ್ಮನ ಜಾಗ. ಸುಂದರಮ್ಮ ಓದಿಸಿ ಕೇಳಿ, ತಲೆಯಾಡಿಸಿ ಮನೆಗೆ ಹೋದರು. ಆಗ ದೇವಮ್ಮ ಬಳಿಗೆ ಬಂದರು.

"ತೋರಿಸಿದ್ದು ನಾನು. ನನ್ನ ಹೆಸ್ರು ಇಲ್ವಾ?"

ಇದೆ ಎಂದೆ. ಸಂಗ್ರಹಿಸಿದವರು ಎಂಬಲ್ಲಿ ಅವರ ಹೆಸರನ್ನೇ ಬರೆದಿದ್ದೆ. ಅದು ಸರಿಯೂ ಹೌದು, ಅಂದು ಅಣಬೆ ಕಿತ್ತುಕೊಟ್ಟವರೂ, ಲೋಕದಲ್ಲಿ ಮೊದಲು ಅದನ್ನು ಬುಟ್ಟಿಗೆ ಹಾಕಿದವರೂ ಅವರೇ. ದೇವಮ್ಮನಿಗೆ ಓದು ಬರುವುದಿಲ್ಲ. ಲೇಬಲನ್ನು ಕೈಗೆ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದರು.

"ಅವಳ ಹೆಸ್ರು ಮೇಲಿದೆಯಾ, ನಂದು ಮೇಲಿದೆಯಾ?"

ಸ್ಥಳದ ಸಾಲು ಮೇಲೆ, ಸಂಗ್ರಹಿಸಿದವರ ಸಾಲು ಕೆಳಗೆ. ಎಲ್ಲ ದೇಶಗಳಲ್ಲೂ ಹಾಗೆಯೇ. ನಾನು ಇನ್ನು ಮೇಲೆ ಲೇಬಲಿನ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ ಎಂದು ಸರ್ ಮುಂದೆ ಅತ್ತು ಹೇಳಿ ಎರಡು ವಾರವೂ ಆಗಿರಲಿಲ್ಲ. ಸರ್ ಆಚೆ ನಿಂತು ಸಾಕ್ಸು ಕೊಡವುತ್ತಿದ್ದರು. ದೇವಮ್ಮನ ಮುಖ ನೋಡಿದೆ.

"ಎರಡೂ ಒಂದೇ ಸಾಲಲ್ಲಿದೆ ಅಮ್ಮಾ" ಎಂದೆ.

ಆಫೀಸಿಗೆ ಬಂದವಳೇ ಒದ್ದೆ ಬಟ್ಟೆಯನ್ನೂ ಬದಲಿಸದೆ ಆ ಲೇಬಲ್ ಹರಿದುಹಾಕಿ ಹೊಸದು ಬರೆಯಲು ಕೂತೆ. ಈಗ ನೀವು ಮೂರನೇ ಕಪಾಟು ತೆರೆದರೆ ಅದು ಸಿಗುತ್ತದೆ. ಇಷ್ಟು ಸಣ್ಣ ಅಕ್ಷರದಲ್ಲಿ, ಇಷ್ಟು ಒತ್ತೊತ್ತಾಗಿ, ಊರು, ಜಾಗ, ಇಬ್ಬರ ಹೆಸರು ಎಲ್ಲವನ್ನೂ ಒಂದೇ ಸಾಲಿನಲ್ಲಿ ಯಾಕೆ ತುರುಕಿದ್ದಾರೆ ಎಂದು ಬೇಸರಪಟ್ಟುಕೊಳ್ಳಬೇಡಿ. ಭೂತಗನ್ನಡಿ ಹಿಡಿದು ಓದಿ, ಅದರಲ್ಲಿರುವುದೆಲ್ಲ ನಿಜ.